ಓವರ್‌ಹಾಲ್ ಆದ ಎಂಜಿನ್‌ನಲ್ಲಿ ಕೂಲೆಂಟ್ ಕೊರತೆ: ಕಾರಣ ಪತ್ತೆಯ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ವಾಹನವು ಪ್ರತಿ ಮನೆಯ ಮುಂದೆ ನಿಂತು, ಕಡಿಮೆ ಗೇರಿನಲ್ಲಿಯೇ ಊರು ಸುತ್ತುತ್ತದೆ. ಇಂತಹ ದುಡಿಮೆಯಿಂದ ಎಂಜಿನ್ ಬೋರಿಗೆ ಬಂದಾಗ ಪಂಚಾಯಿತಿಯು ದೊಡ್ಡ ಮೊತ್ತ ವ್ಯಯಿಸಿ ಓವರ್‌ಹಾಲ್ ಮಾಡಿಸುತ್ತದೆ. ಅನಂತರ ಆಗಾಗ ಕೇಳಿಬರುವ ದೂರೊಂದಿದೆ: ಕೂಲೆಂಟ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಕಾಣುತ್ತಿಲ್ಲ. ಇದರ ಬೆನ್ನಿಗೇ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಮತ್ತೆ ಬಿಚ್ಚಬೇಕು ಎಂಬ ಅಂದಾಜುಪಟ್ಟಿಯು ಸಭೆಯ ಮುಂದೆ ಬರುತ್ತದೆ. ಸದಸ್ಯರು ಯಂತ್ರತಜ್ಞರಾಗಬೇಕಿಲ್ಲ. ಆದರೆ ಮಂಜೂರಾತಿ ನೀಡುವ ಮುನ್ನ ಯಾವ ಪರೀಕ್ಷೆಗಳು ನಡೆದಿವೆ ಎಂದು ಕೇಳಲು ತಿಳಿದಿರಬೇಕು. ಈ ಪಾಠದ ಉದ್ದೇಶವೂ ಅಷ್ಟೇ.

1. ಮೂಲ ತತ್ವ

ಎಂಜಿನ್ ಆಯಿಲ್ ಸ್ವಲ್ಪಮಟ್ಟಿಗೆ ಉರಿದು ಖರ್ಚಾಗುವುದುಂಟು. ಕೂಲೆಂಟ್ ಹಾಗಲ್ಲ. ಅದು ರೇಡಿಯೇಟರ್, ವಾಟರ್ ಪಂಪ್ ಹಾಗೂ ಎಂಜಿನ್ ಬ್ಲಾಕಿನ ನಡುವೆ ಮುಚ್ಚಿದ ಮಾರ್ಗದಲ್ಲಿ ಸುತ್ತುತ್ತದೆ. ಪದೇ ಪದೇ ತುಂಬಬೇಕಾಗಿ ಬಂದರೆ ನಾಲ್ಕರಲ್ಲಿ ಒಂದು ಸಂಗತಿ ನಡೆದಿರಬೇಕು: ಒಳಗೆ ಸಿಕ್ಕಿಬಿದ್ದ ಗಾಳಿಯ ಜಾಗವನ್ನು ಅದು ತುಂಬಿದೆ, ಮುಚ್ಚಳದ ಮೂಲಕ ಹೊರಹೋಗಿದೆ, ಹೊರಗೆ ಸೋರಿದೆ, ಅಥವಾ ಎಂಜಿನ್‌ನ ಒಳಗೆ ಸೋರಿದೆ. ಮೊದಲ ಎರಡನ್ನು ಕೆಲವೇ ನಿಮಿಷಗಳಲ್ಲಿ, ಮೂರನೆಯದನ್ನು ಸರಳ ಉಪಕರಣದಿಂದ ಪರೀಕ್ಷಿಸಬಹುದು. ನಾಲ್ಕನೆಯದಕ್ಕೆ ಮಾತ್ರ ಎಂಜಿನ್ ಬಿಚ್ಚುವ ವೆಚ್ಚ ತಗಲುತ್ತದೆ. ಆದುದರಿಂದ ಪರೀಕ್ಷೆಯು ಇದೇ ಅನುಕ್ರಮದಲ್ಲಿ ಸಾಗತಕ್ಕದ್ದು.

2. ಮೊದಲು ಅಳತೆ

ಪ್ರತಿದಿನ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮುನ್ನ, ಸಮತಟ್ಟಾದ ಒಂದೇ ಜಾಗದಲ್ಲಿ ಮಟ್ಟವನ್ನು ನೋಡಬೇಕು. ಬಿಸಿ ಎಂಜಿನ್‌ನಲ್ಲಿ ದ್ರವವು ಹಿಗ್ಗಿರುವುದರಿಂದ ಆಗ ನೋಡಿದ ಮಟ್ಟ ನಂಬಲರ್ಹವಲ್ಲ. ತುಂಬಿದ ಪ್ರಮಾಣವನ್ನು ಮಿಲಿಲೀಟರ್‌ಗಳಲ್ಲಿ, ಓಡಿದ ದೂರವನ್ನು ಕಿಲೋಮೀಟರ್‌ಗಳಲ್ಲಿ ವಾಹನದ ಲಾಗ್ ಪುಸ್ತಕದಲ್ಲಿ ಬರೆಯಬೇಕು.

ಈ ಲೆಕ್ಕದಿಂದಲೇ ಅರ್ಧ ಉತ್ತರ ದೊರೆಯುತ್ತದೆ. ಓವರ್‌ಹಾಲ್ ವೇಳೆ ಕೂಲೆಂಟನ್ನು ಪೂರ್ಣವಾಗಿ ಹೊರತೆಗೆದು ಮತ್ತೆ ತುಂಬುವುದರಿಂದ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿಯ ಗುಳ್ಳೆಗಳು ಉಳಿಯುತ್ತವೆ. ಎಂಜಿನ್ ಕೆಲವು ಬಾರಿ ಕಾದು ತಣಿದಂತೆ ಗಾಳಿ ಹೊರಬಂದು ಮಟ್ಟ ಇಳಿಯುತ್ತದೆ. ಉದಾಹರಣೆಗೆ, ಮೊದಲ ದಿನ 300, ಮರುದಿನ 100, ಮೂರನೆಯ ದಿನ 20 ಮಿ.ಲೀ. ಬೇಕಾಗಿ ಅನಂತರ ಮಟ್ಟ ನಿಂತರೆ ಅದು ಸೋರಿಕೆಯಲ್ಲ. ದಿನವೂ 150 ಮಿ.ಲೀ. ಬೇಕಾಗುತ್ತಲೇ ಇದ್ದರೆ ಮುಂದಿನ ಹಂತಕ್ಕೆ ಹೋಗಬೇಕು.

3. ಮುಚ್ಚಳ ಮತ್ತು ಬಾಟಲಿ

ರೇಡಿಯೇಟರ್ ಮುಚ್ಚಳದಲ್ಲಿ ಎರಡು ಕವಾಟಗಳಿವೆ. ಒಂದು ಕವಾಟವು ಮುಚ್ಚಳದ ಮೇಲೆ ನಮೂದಿಸಿದ ಒತ್ತಡದವರೆಗೆ ಕೂಲೆಂಟನ್ನು ತಡೆದಿಡುತ್ತದೆ. ಒತ್ತಡವು 0.9 ಬಾರ್ ಹೆಚ್ಚಿದಾಗ ಬರಿಯ ನೀರು ಸಹ 100ರ ಬದಲು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸ್ಪ್ರಿಂಗ್ ಸಡಿಲಗೊಂಡ ಮುಚ್ಚಳವು ಈ ರಕ್ಷಣೆಯನ್ನು ಕಳೆಯುತ್ತದೆ. ಕೂಲೆಂಟ್ ಕುದಿದು ಹೊರಚೆಲ್ಲಿ ರಸ್ತೆಯಲ್ಲೇ ಆವಿಯಾಗುತ್ತದೆ. ಎರಡನೆಯ ಕವಾಟವು ಎಂಜಿನ್ ತಣಿದಾಗ ಬಾಟಲಿಯಿಂದ ಕೂಲೆಂಟನ್ನು ಹಿಂದಕ್ಕೆ ಎಳೆಯಲು ದಾರಿ ಕೊಡುತ್ತದೆ. ಅದು ಅಂಟಿಕೊಂಡಿದ್ದರೆ ಅಥವಾ ನಡುವಿನ ಕೊಳವೆ ಬಿರಿದಿದ್ದರೆ, ಬಾಟಲಿ ತುಂಬಿದ್ದರೂ ರೇಡಿಯೇಟರ್ ಬರಿದಾಗಿರುತ್ತದೆ. ಹಳೆಯ ಮುಚ್ಚಳವನ್ನೇ ಮತ್ತೆ ಹಾಕಿದ್ದರೆ ಮೊದಲು ಅದನ್ನು ಪರೀಕ್ಷಿಸಬೇಕು, ಇಲ್ಲವೇ ಅದೇ ಒತ್ತಡದ ಹೊಸ ಮುಚ್ಚಳ ಹಾಕಬೇಕು.

4. ಹೊರ ಸೋರಿಕೆ

ಕಾದ ಲೋಹದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮುನ್ನವೇ ಆರಿಹೋಗುತ್ತದೆ. ಆದ್ದರಿಂದ ಹನಿಯನ್ನಲ್ಲ, ಕಲೆಯನ್ನು ಹುಡುಕಬೇಕು. ಒಣಗಿದ ಕೂಲೆಂಟ್ ಹಸಿರು, ಗುಲಾಬಿ ಅಥವಾ ಬೂದುಬಿಳಿ ಪುಡಿಯಂತೆ ಉಳಿಯುತ್ತದೆ. ಹೋಸ್ ಕ್ಲಿಪ್ಪುಗಳು, ರೇಡಿಯೇಟರ್ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳು ಹಾಗೂ ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು.

ಬಳಿಕ ಒತ್ತಡ ಪರೀಕ್ಷೆ. ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಬಾಯಿಗೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ನೀಡಿ ಅರ್ಧ ಗಂಟೆ ಬಿಡಬೇಕು. ಮುಳ್ಳು ಇಳಿದು ಹೊರಗೆ ಒದ್ದೆ ಕಂಡರೆ ಜಾಗ ಸಿಕ್ಕಿತು. ಮುಳ್ಳು ಇಳಿದರೂ ಹೊರಗೆ ಒಣಗಿದ್ದರೆ ಒಳಸೋರಿಕೆಯ ಶಂಕೆ ಬಲವಾಗುತ್ತದೆ. ತಣ್ಣಗಿದ್ದಾಗ ನಿಂತ ಒತ್ತಡವು ಬೆಚ್ಚಗಿದ್ದಾಗ ಇಳಿಯುವುದೂ ಉಂಟು. ಪರೀಕ್ಷೆಯನ್ನು ಎರಡೂ ಸ್ಥಿತಿಯಲ್ಲಿ ಮಾಡಬೇಕು.

5. ಒಳ ಸೋರಿಕೆ

ಡೀಸೆಲ್ ಎಂಜಿನ್‌ನ ಸಿಲಿಂಡರಿನಲ್ಲಿ ಇಂಧನ ಉರಿಯುವ ಕ್ಷಣದ ಒತ್ತಡ 50 ಬಾರ್‌ಗೂ ಅಧಿಕ. ಕೂಲೆಂಟಿನ ಒತ್ತಡ ಸುಮಾರು 1 ಬಾರ್. ಗ್ಯಾಸ್ಕೆಟ್ ಬಿಟ್ಟರೆ ಎಂಜಿನ್ ಓಡುವಾಗ ಅನಿಲವು ಕೂಲೆಂಟಿಗೆ ನುಗ್ಗಿ ಅದನ್ನು ಹೊರದಬ್ಬುತ್ತದೆ. ಎಂಜಿನ್ ನಿಂತ ಮೇಲೆ ಕೂಲೆಂಟೇ ಸಿಲಿಂಡರಿಗೆ ಇಳಿಯುತ್ತದೆ. ಲಕ್ಷಣಗಳು ಇವು: ತಣ್ಣಗಿನ ಎಂಜಿನ್ ಚಾಲೂ ಆದ ಒಂದೆರಡು ನಿಮಿಷಗಳಲ್ಲೇ ಮೇಲಿನ ಹೋಸ್ ಗಟ್ಟಿಯಾಗುವುದು, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆಗಳು, ಎಂಜಿನ್ ಕಾದ ಮೇಲೂ ಹೋಗದ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲುಬೆರೆತ ಚಹಾದಂತಹ ಬಣ್ಣ. ಕೊನೆಯ ಲಕ್ಷಣ ಕಂಡ ಕೂಡಲೇ ವಾಹನ ನಿಲ್ಲಿಸತಕ್ಕದ್ದು. ಕೂಲೆಂಟ್ ಬೆರೆತ ಆಯಿಲ್ ಹೊಸ ಬೇರಿಂಗುಗಳನ್ನು ಬೇಗನೆ ಹಾಳುಮಾಡುತ್ತದೆ.

ದೃಢೀಕರಣಕ್ಕೆ ರಾಸಾಯನಿಕ ಪರೀಕ್ಷೆಯಿದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿದಾಗ, ಅದರಲ್ಲಿ ಎಂಜಿನ್ ಅನಿಲ ಬೆರೆತಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಬದಲಾವಣೆ ಮಂದವಾಗಿರಬಹುದಾದ್ದರಿಂದ ಇತರ ಲಕ್ಷಣಗಳೊಂದಿಗೆ ಹೋಲಿಸಿ ನಿರ್ಣಯಿಸಬೇಕು.

ಒಳಸೋರಿಕೆ ದೃಢಪಟ್ಟರೂ "ಗ್ಯಾಸ್ಕೆಟ್ ಹೋಗಿದೆ" ಎಂಬುದು ಪೂರ್ಣ ಉತ್ತರವಲ್ಲ. ಹೊಸ ಗ್ಯಾಸ್ಕೆಟ್ ಏಕೆ ಹೋಯಿತು ಎಂಬುದೇ ಪ್ರಶ್ನೆ. ಹೆಡ್ಡಿನ ಮೈ ಸಮವಾಗಿತ್ತೇ? ಬಿರುಕಿಗಾಗಿ ಹೆಡ್ಡನ್ನು ಒತ್ತಡದಲ್ಲಿ ಪರೀಕ್ಷಿಸಲಾಗಿತ್ತೇ? ಹಿಗ್ಗಿದ ಹಳೆಯ ಬೋಲ್ಟುಗಳನ್ನೇ ಬಳಸಲಾಯಿತೇ? ಟಾರ್ಕ್ ವ್ರೆಂಚಿನಿಂದ, ತಯಾರಕರು ಹೇಳಿದ ಕ್ರಮದಲ್ಲಿ ಬಿಗಿಯಲಾಯಿತೇ? ಇವಕ್ಕೆ ಉತ್ತರವಿಲ್ಲದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಅದೇ ದೂರು ಮರಳಿ ಬರುತ್ತದೆ.

6. ಮಾಡಬಾರದವು

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ರೂಢಿಯಿದೆ. ಅದು ಸಣ್ಣ ತೂತನ್ನು ಕೆಲಕಾಲ ಮುಚ್ಚಬಹುದು. ಜೊತೆಗೆ ರೇಡಿಯೇಟರಿನ ಸಪೂರ ನಾಳಗಳನ್ನೂ ಮುಚ್ಚಬಹುದು, ಸೋರಿಕೆಯ ಜಾಗವನ್ನೂ ಮರೆಮಾಡುತ್ತದೆ. ಥರ್ಮೋಸ್ಟಾಟ್ ಕಿತ್ತುಹಾಕುವುದು ಪರಿಹಾರವಲ್ಲ. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುವುದರಿಂದ ಅದನ್ನು ತುಂಬಬಾರದು. ಬಿಸಿ ಎಂಜಿನ್‌ನ ಮುಚ್ಚಳವನ್ನು ಯಾರೂ ತೆರೆಯಬಾರದು. ಚಿಮ್ಮುವ ಕೂಲೆಂಟ್ ಚಾಲಕಿಯ ಮುಖ, ಕೈಗಳನ್ನು ಸುಡುತ್ತದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಹೊರತೆಗೆದುದನ್ನು ಚರಂಡಿಗೆ ಸುರಿಯಬಾರದು. ದನಕರು, ನಾಯಿ ಹಾಗೂ ಮಕ್ಕಳಿಗೆ ಎಟುಕುವಂತೆ ಇಡಬಾರದು.

7. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಕನಿಷ್ಠ ಒಂದು ವಾರದ ಕೂಲೆಂಟ್ ಲೆಕ್ಕ ಲಾಗ್ ಪುಸ್ತಕದಲ್ಲಿದೆಯೇ? (ಆಯಿಲ್ ಬಣ್ಣ ಕೆಟ್ಟಿದ್ದರೆ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ವಾರ ಕಾಯದೆ ವಾಹನ ನಿಲ್ಲಿಸಬೇಕು.)
ಆ) ಮುಚ್ಚಳ ಮತ್ತು ಒತ್ತಡ ಪರೀಕ್ಷೆಗಳ ಫಲಿತಾಂಶ ದಿನಾಂಕಸಹಿತ ಲಿಖಿತವಾಗಿದೆಯೇ?
ಇ) ಒಳಸೋರಿಕೆ ಎಂದು ಹೇಳಲು ಆಧಾರವಾದ ಪರೀಕ್ಷೆ ಯಾವುದು?
ಈ) ಓವರ್‌ಹಾಲ್ ಮಾಡಿದ ವರ್ಕ್‌ಶಾಪ್ ಲಿಖಿತ ಖಾತರಿ ನೀಡಿದೆಯೇ? ಅವಧಿ ಉಳಿದಿದೆಯೇ?
ಉ) ಎಂಜಿನ್ ಬಿಚ್ಚುವಾಗ ಪಂಚಾಯಿತಿಯ ಪ್ರತಿನಿಧಿ ಹಾಜರಿದ್ದು, ಹಳೆಯ ಬಿಡಿಭಾಗಗಳನ್ನು ವಶಕ್ಕೆ ಪಡೆಯುವರೇ?

ನಾಲ್ಕನೆಯ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಕೆಲಸದ ಲೋಪವೆಂದು ಪರೀಕ್ಷೆ ತೋರಿಸಿದರೆ, ಖಾತರಿಯ ಅವಧಿಯಲ್ಲಿ ದುರಸ್ತಿಯ ಹೊಣೆ ವರ್ಕ್‌ಶಾಪಿನದೇ ಎಂದು ಪಂಚಾಯಿತಿಯು ದಾಖಲೆಯೊಂದಿಗೆ ವಾದಿಸಬಹುದು. ದಾಖಲೆಯಿಲ್ಲದೆ ಎಂಜಿನ್ ಬಿಚ್ಚಿದರೆ ಸಾಕ್ಷ್ಯವೂ ಅದರೊಡನೆ ಹೋಗುತ್ತದೆ, ವೆಚ್ಚ ಮತ್ತೆ ಪಂಚಾಯಿತಿ ನಿಧಿಯ ಮೇಲೆ ಬೀಳುತ್ತದೆ. ವಾಹನ ನಿಂತಷ್ಟು ದಿನ ಮನೆಗಳ ಮುಂದೆ ಕಸವೂ ನಿಲ್ಲುತ್ತದೆ.

ಈ ಪಾಠವನ್ನು ಸ್ವಚ್ಛ ವಾಹಿನಿ ಚಾಲಕಿಯರ ಸಮ್ಮುಖದಲ್ಲಿ ಓದಿ ಚರ್ಚಿಸುವುದು ಸೂಕ್ತ. ವಾಹನದ ದನಿ, ವಾಸನೆ, ಕಾವಿನ ವ್ಯತ್ಯಾಸವನ್ನು ಮೊದಲು ಗುರುತಿಸುವವರು ಅವರೇ. ಅವರ ಮಾತನ್ನು ದಾಖಲಿಸುವುದೇ ಪತ್ತೆಯ ಮೊದಲ ಹೆಜ್ಜೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ