ಕೈಗೆಟುಕುವಷ್ಟು ಹಳಿ

ಮಗ ಬೆಂಗಳೂರಿಗೆ ಹೋದ ಮೇಲೆ ಧಾರವಾಡದ ನಮ್ಮ ಮನೆಯ ಮಾಳಿಗೆ ಕೋಣೆ ಖಾಲಿ ಬಿತ್ತು. ಹತ್ತಡಿಗೆ ಎಂಟಡಿ. ಇಪ್ಪತ್ತೈದು ವರ್ಷದಿಂದ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆ. ಒಳಗೆ ಎಚ್‌ಓ ಅಳತೆಯ, ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾದ ಮಾದರಿ ರೈಲಿನ ಎಂಜಿನ್ನು, ಡಬ್ಬಿಗಳು ಹಳೇ ಪೇಪರಿನಲ್ಲಿ ಸುತ್ತಿಟ್ಟಂತೆಯೇ ಇದ್ದವು.

ಈ ಕೋಣೆಯಲ್ಲಿ ಯಾವ ಸ್ಟೇಶನ್ ಕಟ್ಟಲಿ? ಆಸೆ ಮೊದಲು ಹರಿದದ್ದು ಹುಬ್ಬಳ್ಳಿಯ ಕಡೆಗೆ. 2023ರ ಮಾರ್ಚಿನಲ್ಲಿ ಲೋಕಾರ್ಪಣೆಯಾದ ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. 87ರಿಂದ ಭಾಗಿಸಿದೆ. 17 ಮೀಟರಿಗೂ ಮಿಕ್ಕಿತು! ಕೋಣೆ ದಾಟಿ ಓಣಿಗೇ ಇಳಿಯಬೇಕು. ಕತ್ತರಿಸಿ ಮೂರು ಮೀಟರಿಗೆ ಇಳಿಸಬಹುದು, ಆದರೆ ಆ ಉದ್ದವೇ ಹೋದ ಮೇಲೆ ಅದು ಹುಬ್ಬಳ್ಳಿ ಅನ್ನಿಸುವುದಿಲ್ಲ. ನೋವಾದರೂ ಬಿಟ್ಟೆ.

ಹಿಂದಿನ ಸಲ ನಾನು ಅಳತೆ ಹಾಕಿರಲೇ ಇಲ್ಲ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ತಂದು ಗೋಡೆಯ ಮೂಲೆಗೆ ಹಚ್ಚಿ, ಸುತ್ತು ಹಳಿ ಜೋಡಿಸಿದ್ದೆ. ಡಬ್ಬಿ ಹಳಿ ತಪ್ಪುತ್ತಿದ್ದದ್ದು ಯಾವಾಗಲೂ ಆ ಆಚೆ ಮೂಲೆಯಲ್ಲಿ. ಎತ್ತಲು ಬಾಗಿದಾಗ ಮೊಣಕೈ ತಾಗಿ ಸಿಗ್ನಲ್ ಕಂಬಗಳು ಮುರಿದವು. ಮಳೆಗಾಲಕ್ಕೆ ಹಲಗೆ ಉಬ್ಬಿ ಹಳಿಯ ಕೂಡುಗಳು ಬಾಯಿಬಿಟ್ಟವು. ಬೇಸತ್ತು ಎಲ್ಲ ಟ್ರಂಕಿಗೆ ಸೇರಿಸಿದೆ. ಈಗ ನಕ್ಷೆ ಬರೆಯುವಾಗ ಹೆಂಡತಿ ಕೇಳಿದ್ದು ಅದನ್ನೇ: "ಕೈ ಮುಟ್ಟದಷ್ಟು ದೂರ ಹಳಿ ಹಾಕಿದ್ರ, ಬಿದ್ದಾಗ ಎತ್ತಾವ್ರು ಯಾರ್ರೀ?"

ಹಾಗಾಗಿ ಎರಡಡಿ ಅಗಲದ ಹಲಗೆ, ಎರಡು ಗೋಡೆಗುಂಟ, ಎರಡೂ ಮೈಗೆ ಬಣ್ಣ ಬಳಿದು. ಸುತ್ತಿನ ಆಸೆ ಬಿಟ್ಟೆ. ಸುಮ್ಮನೆ ಗರಗರ ತಿರುಗುವ ರೈಲು ಹದಿನೈದು ದಿನಕ್ಕೇ ಸಾಕಾಗುತ್ತದೆ. ರೈಲಿಗೆ ಒಂದು ಕೆಲಸ ಬೇಕು. ಕೆಲಸ ಕೊಡುವ ಊರು ಹತ್ತಿರದಲ್ಲೇ ಇತ್ತು: ಅಳ್ನಾವರ. ಅಲ್ಲಿಂದ ದಾಂಡೇಲಿಗೆ ಕವಲು ಒಡೆಯುತ್ತದೆ. ಒಂದು ಕಾಲಕ್ಕೆ ಕಾಡಿನ ಕಟ್ಟಿಗೆ ಹೊತ್ತ ಹಾದಿ. 2019ರಲ್ಲಿ ಪ್ಯಾಸೆಂಜರ್ ಮತ್ತೆ ಶುರುವಾಯಿತು. ಡಬ್ಬಿ ಬಿಡಿಸಬೇಕು, ಎಂಜಿನ್ನು ತಿರುಗಿಬಂದು ಇನ್ನೊಂದು ತುದಿಗೆ ಸೇರಬೇಕು. ಒಂದು ಸಂಜೆಗೆ ಭರ್ತಿ ಕೆಲಸ.

ಹಳಿಗೆ ದುಡ್ಡು ಹಾಕುವ ಮೊದಲು ನೆಲಕ್ಕೆ ಪೇಪರ್ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನಮ್ಮ ಐಸಿಎಫ್ ಕಾರ್ಖಾನೆಯ ಪ್ಯಾಸೆಂಜರ್ ಡಬ್ಬಿ ಈ ಅಳತೆಯಲ್ಲಿ 24.5 ಸೆಂಟಿಮೀಟರ್. ನಾಲ್ಕು ಡಬ್ಬಿಗೆ ಒಂದು ಮೀಟರ್, ಎಂಜಿನ್ನಿಗೆ ಮತ್ತೊಂದು ಗೇಣು. ಎಂಜಿನ್ನು ತಿರುಗಿಬರಲು ಬೇಕಾದ ಪಕ್ಕದ ಹಳಿ, ಅಂದರೆ ಲೂಪ್ ಲೈನು, ಅಷ್ಟಾದರೂ ಇರಲೇಬೇಕು. ಆಮೇಲೆ ಪೆಟ್ಟಿಗೆಯಲ್ಲಿದ್ದ ಹಳೇ ತಿರುವು ಹಳಿ, 36 ಸೆಂಟಿಮೀಟರ್ ತ್ರಿಜ್ಯದ್ದು, ಮೂಲೆಗಿಟ್ಟು, ಪಕ್ಕಕ್ಕೆ ರಟ್ಟಿನ ಪ್ಲಾಟ್‌ಫಾರ್ಮ್ ನಿಲ್ಲಿಸಿ ಡಬ್ಬಿಯನ್ನು ಬೆರಳಲ್ಲಿ ದೂಡಿದೆ. ಡಬ್ಬಿಯ ನಡು ಒಳಕ್ಕೆ ಬಾಗಿ ರಟ್ಟಿನ ಅಂಚನ್ನು ಕೆರೆದುಕೊಂಡೇ ಹೋಯಿತು. ನೀಲಿ ಬಣ್ಣದ ಗೀರು ಅಲ್ಲೇ ಉಳಿಯಿತು. ತ್ರಿಜ್ಯ 60ಕ್ಕೆ ಹಿಗ್ಗಿಸಿ, ಪ್ಲಾಟ್‌ಫಾರ್ಮನ್ನು ನೇರ ಹಳಿಗೆ ಸರಿಸಿ ಮತ್ತೆ ದೂಡಿದೆ. ಉಗುರಿನಷ್ಟು ಸಂದು ಬಿಟ್ಟು ಸಲೀಸಾಗಿ ದಾಟಿತು.

ಪೇಪರ್ ಇನ್ನೂ ನೆಲದ ಮೇಲೇ ಇದೆ. ಈ ಭಾನುವಾರ ನೋಟ್‌ಬುಕ್ ಹಿಡಿದು ಅಳ್ನಾವರಕ್ಕೆ ಹೊರಟಿದ್ದೇನೆ, ಪ್ಲಾಟ್‌ಫಾರ್ಮ್ ಎಷ್ಟು ಹೆಜ್ಜೆ ಎಂದು ಎಣಿಸಿ ಬರಲು.