ಬೈಕ್ ಕಲಿಯಿರಿ, ಬುಲೆಟ್ ಸದ್ಯಕ್ಕೆ ಬೇಡ

ಪ್ರಶ್ನೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಯಿತು. ಬೈಕ್ ಕಲಿಯಬಹುದೇ? ಮನೆಯಲ್ಲಿ ತಮ್ಮನ ಬುಲೆಟ್ ಇದೆ.
– ಓದುಗರು, ಹೊನ್ನಾವರ

ಉತ್ತರ: ಸರ್ಜನ್ ಒಪ್ಪಿದರೆ ಧಾರಾಳವಾಗಿ ಕಲಿಯಿರಿ. ತಮ್ಮನ ಬುಲೆಟ್ ಮಾತ್ರ ಮುಟ್ಟಬೇಡಿ. ಅದರ ತೂಕ 190 ಕಿಲೋ ದಾಟುತ್ತದೆ. ಬೊಜ್ಜಿನ ಜೊತೆ ಸ್ನಾಯುವೂ ಕರಗಿರುತ್ತದೆ. ವಾಲಿದ ಬೈಕನ್ನು ಎತ್ತಿ ನಿಲ್ಲಿಸುವಾಗ ಹೊಟ್ಟೆಯ ಮೇಲೇ ಒತ್ತಡ ಬೀಳುತ್ತದೆ. 110 ಕಿಲೋ ಆಸುಪಾಸಿನ 100 ಸಿಸಿ ಬೈಕ್ ಸಾಕು.

ನನಗೆ ಹೆಚ್ಚು ಚಿಂತೆ ತಲೆಸುತ್ತಿನದು. ಕಿರಿದಾದ ಜಠರಕ್ಕೆ ಒಮ್ಮೆಲೇ ಹೆಚ್ಚು ನೀರು ಹಿಡಿಯದು, ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ನಿಲ್ಲದು. ಗುಟುಕು ಗುಟುಕಾಗಿ ಕುಡಿಯುತ್ತಿರಿ. ಜಠರದ ಬೈಪಾಸ್ ಆದವರಲ್ಲಿ ಸಿಹಿ ತಿಂದ ಒಂದೆರಡು ಗಂಟೆಗೆ ರಕ್ತದ ಸಕ್ಕರೆ ಕುಸಿದು ಕೈ ನಡುಗುವುದುಂಟು. ಹೋಳಿಗೆ ಊಟ ಮಾಡಿ ಹ್ಯಾಂಡಲ್ ಹಿಡಿಯಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆಗಳಿದ್ದರೆ ಪ್ರಮಾಣ ಮರುಪರಿಶೀಲಿಸಿಕೊಳ್ಳಿ. ಪಾದ ಜೋಮು ಹಿಡಿದಂತಿದ್ದರೆ ಬಿ12 ಪರೀಕ್ಷೆ ಆಗಲೇಬೇಕು. ಬ್ರೇಕ್ ಒತ್ತುವುದು ಅದೇ ಪಾದ ತಾನೆ?

ಬೆಳಗಿನ ತಂಪಿನಲ್ಲಿ, ಖಾಲಿ ಮೈದಾನದಲ್ಲಿ ಕ್ಲಚ್ ಅಭ್ಯಾಸ ಮಾಡಿ. ಭಟ್ಕಳ–ಕುಮಟಾ ಹೆದ್ದಾರಿ 66ರಲ್ಲಿ ಟ್ಯಾಂಕರ್‌ಗಳ ನಡುವೆ ಕಲಿಯುವುದು ಬೇಡವೇ ಬೇಡ; ದೇವಿಮನೆ ಘಟ್ಟವಂತೂ ಮುಂದಿನ ವರ್ಷದ ಮಾತು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, ಡಿಎಲ್ ಪರೀಕ್ಷೆಗೆ 30 ದಿನ ಕಾಯಲೇಬೇಕು, ಹಾಗಾಗಿ ಅವಸರವಿಲ್ಲ. ಹಳೆಯ ಹೆಲ್ಮೆಟ್ ಇದ್ದರೆ ತಲೆ ಅಲ್ಲಾಡಿಸಿ ನೋಡಿ. ಕೆನ್ನೆ ಇಳಿದವರಿಗೆ ಅದು ಸಡಿಲಾಗಿರುತ್ತದೆ, ಹೊಸದು ಕೊಳ್ಳಿ.