ನೆಲದಿಂದ ಕಾಣದ ನಕ್ಷತ್ರ: ಮಂಜರಾಬಾದ್ ಕೋಟೆಯಲ್ಲಿ ಒಂದು ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ (ಮೈಸೂರು-ಬ್ರಿಟಿಷ್ ಯುದ್ಧಗಳು)
ವಿಧಾನ: ಕ್ಷೇತ್ರ ಭೇಟಿ

ಹಿನ್ನೆಲೆ
ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿ.ಮೀ. ಸಾಗಿದರೆ ದೋಣಿಗಾಲ್ ಬಳಿಯ ಗುಡ್ಡದ ಮೇಲೆ ಮಂಜರಾಬಾದ್ ಕೋಟೆಯಿದೆ. ಫ್ರೆಂಚರ ಕೋಟೆ ಪದ್ಧತಿಯಂತೆ ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ. ಕಟ್ಟಡ ಮುಗಿದದ್ದು 1792ರಲ್ಲಿ, ಅಂದರೆ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಆತ ಅರ್ಧದಷ್ಟು ರಾಜ್ಯ ಕಳೆದುಕೊಂಡ ವರ್ಷದಲ್ಲಿ. ಕರಾವಳಿಯಿಂದ ಘಟ್ಟ ಹತ್ತುವ ದಾರಿಯನ್ನು ಕಾಯುವುದು ಈ ಕೋಟೆಯ ಉದ್ದೇಶವಾಗಿತ್ತು.

ಮೊದಲ ಭೇಟಿಯ ಕೊರತೆ
ನನ್ನ ಮೊದಲ ಪಾಠದಲ್ಲಿ ಆಕಾಶದಿಂದ ತೆಗೆದ ಚಿತ್ರ ತೋರಿಸಿ, 'ಕೋಟೆ ಎಂಟು ಮೂಲೆಯ ನಕ್ಷತ್ರದಂತಿದೆ' ಎಂದೆ. ಮಕ್ಕಳು ಬರೆದುಕೊಂಡರು. ಮೆಟ್ಟಿಲು ಹತ್ತಿ ಒಳಗೆ ಹೋದ ಮೇಲೆ ಒಬ್ಬ ಹುಡುಗಿ, 'ನಕ್ಷತ್ರ ಎಲ್ಲಿದೆ ಟೀಚರ್?' ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: 'ಕಾಣದ್ದನ್ನು ಕಂಡುಕೊಳ್ಳುವ ದಾರಿ ಯಾವುದು?' ಎರಡನೇ ಭೇಟಿಯ ಯೋಜನೆ ಹುಟ್ಟಿದ್ದು ಆ ಸಾಲಿನಿಂದ.

ಪೂರ್ವ ಚಟುವಟಿಕೆ
ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ಚೌಕ, ಒಂದು ನಕ್ಷತ್ರ ಬರೆದೆವು. ಗೆರೆಯ ಮೇಲೆ 'ಕಾವಲುಗಾರರು' ನಿಂತರು. ನಿಯಮ ಒಂದೇ: ಎದುರಿಗೆ ನೋಡಬಹುದು, ತನ್ನ ಕಾಲ ಬುಡ ನೋಡುವಂತಿಲ್ಲ. ಚೌಕದ ಗೋಡೆಗೆ ಒತ್ತಿ ಕುಳಿತ 'ಶತ್ರು' ಯಾರಿಗೂ ಕಾಣಲಿಲ್ಲ. ನಕ್ಷತ್ರದಲ್ಲಿ ಆತ ಎಲ್ಲಿ ಕುಳಿತರೂ ಪಕ್ಕದ ಗೋಡೆಯವರ ಕಣ್ಣಿಗೆ ಬಿದ್ದ. ಆಕಾರದ ಕಾರಣವನ್ನು ಮಕ್ಕಳೇ ಹೇಳಿದರು.

ಕೋಟೆಯಲ್ಲಿ
1. ಮೂರು ಗುಂಪುಗಳು ಗೋಡೆಯ ಒಳಬದಿಯಲ್ಲಿ ನಡೆದು, ಪ್ರತಿ ತಿರುವಿಗೂ 'ಹೊರಕ್ಕೆ' ಅಥವಾ 'ಒಳಕ್ಕೆ' ಎಂದು ಗುರುತು ಹಾಕಿದವು. ಎಂಟು ಮೂಲೆಯ ನಕ್ಷತ್ರಕ್ಕೆ 16 ತಿರುವು ಬರಬೇಕು. ಒಂದು ಗುಂಪಿಗೆ 15 ಬಂತು. ತಪ್ಪು ಹುಡುಕಲು ಅವರೇ ಮತ್ತೆ ಸುತ್ತಿದರು. ಪೊದೆ ಬೆಳೆದ ಒಂದು ಮೂಲೆ ಬಿಟ್ಟುಹೋಗಿತ್ತು.
2. ನಡುವಣ ಅಂಗಳದಲ್ಲಿ ಶಿಲುಬೆಯಾಕಾರದ, ಮೆಟ್ಟಿಲುಗಳಿರುವ ಬಾವಿ. ಸಮೀಪದಲ್ಲೇ ಮದ್ದಿನ ಮನೆಗಳು. 'ಇವೆರಡೂ ನಡುವೆಯೇ ಏಕೆ?' ಎಂದು ಕೇಳಿದೆ. ಗೋಡೆಯಿಂದ ದೂರವಿದ್ದರೆ ಗುಂಡು ತಾಗುವ ಭಯ ಕಡಿಮೆ, ಎಲ್ಲ ಮೂಲೆಗೂ ಹೆಚ್ಚುಕಡಿಮೆ ಸಮಾನ ದೂರ ಎಂಬ ಉತ್ತರಗಳು ಬಂದವು.
3. ಟಿಪ್ಪಣಿಗೆ ಮೂರು ಕಾಲಂ: ಕಂಡದ್ದು, ಓದಿದ್ದು, ಜನ ಹೇಳುವುದು. 'ಮಂಜಿನಿಂದ ಮಂಜರಾಬಾದ್' ಎಂಬ ಮಾತು ಮೂರನೆಯ ಕಾಲಂಗೆ ಹೋಯಿತು.

ಎಚ್ಚರಿಕೆ
ಪಾಚಿ ಕಟ್ಟಿದ ಗೋಡೆಯ ಮೇಲೆ ಯಾರನ್ನೂ ಹತ್ತಿಸಬಾರದು. ಬಾವಿಯ ಅಂಚಿನಲ್ಲಿ ಒಬ್ಬ ಶಿಕ್ಷಕರು ನಿಂತಿರಲೇಬೇಕು. ಮಳೆಗಾಲ ತಪ್ಪಿಸಿ, ನವೆಂಬರ್ ನಂತರ ಹೋಗುವುದು ಒಳ್ಳೆಯದು.

ಮೌಲ್ಯಮಾಪನ
ಚಿತ್ರ ನೋಡದೆ, ತಮ್ಮ ಗುರುತುಗಳಿಂದಲೇ ಕೋಟೆಯ ನಕ್ಷೆ ಬರೆಯಲು ಹೇಳಿದೆ. ತೋಳುಗಳು ಉದ್ದಗಿಡ್ಡ ಬಂದವು, ಆದರೆ ಎಣಿಕೆ ತಪ್ಪಲಿಲ್ಲ. ಆಕಾಶದಿಂದ ತೆಗೆದ ಚಿತ್ರವನ್ನು ಕೊನೆಗೆ ತೋರಿಸಿದಾಗ ಮಕ್ಕಳು ತಮ್ಮ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡಿದರು.

ಆತ್ಮಾವಲೋಕನ
ಮೊದಲ ಸಲ ಉತ್ತರವನ್ನು ಮೊದಲೇ ಕೊಟ್ಟು ಮಕ್ಕಳನ್ನು ಕರೆದೊಯ್ದಿದ್ದೆ. ಅವರಿಗೆ ನೋಡಲು ಏನೂ ಉಳಿದಿರಲಿಲ್ಲ. ಎರಡನೇ ಸಲ ಬದಲಾದದ್ದು ಚಿತ್ರ ತೋರಿಸಿದ ಹೊತ್ತು ಮತ್ತು ಕೈಗೆ ಕೊಟ್ಟ ಕೆಲಸ. ಕ್ಷೇತ್ರ ಭೇಟಿಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಯೋಜನೆ ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತರಗತಿಯಲ್ಲಿ ಕುಳಿತು ತಿಳಿಯಲಾಗದ ಯಾವ ಒಂದು ಸಂಗತಿಗಾಗಿ ನಾವು ಅಲ್ಲಿಗೆ ಹೋಗುತ್ತಿದ್ದೇವೆ?